ಹೇರೆತ್ತು ನಿಂತ ಮೇಲೆ: ತಾಂಡಾದ ಐದು ತಲೆಮಾರು

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ವರ್ಷದ ಹೆಚ್ಚಿನ ದಿನ ಸದ್ದಿಲ್ಲದ ಊರು. ಫೆಬ್ರವರಿಯ ನಡುವಿನಲ್ಲಿ ಮಾತ್ರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಲಂಬಾಣಿಗರ ಆರಾಧ್ಯಪುರುಷ ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ್ದು ಇಲ್ಲಿಯೇ ಎಂಬುದು ಸಮುದಾಯದ ಬಹುಪಾಲು ಜನರ ನಂಬಿಕೆ. ಕರ್ನಾಟಕದ ಮೂಲೆಮೂಲೆಗಳಿಂದ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದ ಜನ ಬರುತ್ತಾರೆ. ಮಾಲೆ ಧರಿಸಿದವರು ದಿನಗಟ್ಟಲೆ ನಡೆದೇ ಬರುತ್ತಾರೆ. ಒಂದು ಕಾಲಕ್ಕೆ ನಡಿಗೆಯೇ ಬದುಕಾಗಿದ್ದ ಜನಕ್ಕೆ ಈಗ ನಡಿಗೆ ಒಂದು ಹರಕೆಯಾಗಿ ಉಳಿದಿದೆ.

ಇದೇ ಜಿಲ್ಲೆಯ ಇನ್ನೊಂದು ಬದಿಯಲ್ಲಿ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಿದೆ. ಗುಡ್ಡ, ಕುರುಚಲು ಕಾಡು, ಕೆಳಗೆ ಅಡಿಕೆ ತೋಟ. ಮತ್ತೊಂದು ತುದಿಯಲ್ಲಿ ಜಗಳೂರಿನ ಬರದ ಬಯಲು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಊರಿನಿಂದ ಸ್ವಲ್ಪ ಆಚೆಗೆ, ಹಾದಿಯ ಕೊನೆಯಲ್ಲಿ, ತಾಂಡಾಗಳು ಕಾಣಸಿಗುತ್ತವೆ. ರಾಜ್ಯದಲ್ಲಿ ಇಂತಹ ತಾಂಡಾಗಳು ಮೂರು ಸಾವಿರಕ್ಕೂ ಹೆಚ್ಚು. ಊರಿಗೆ ಹತ್ತಿರವಾಗಿಯೂ ಊರಿನೊಳಗೆ ಅಲ್ಲದ ಈ ನೆಲೆ ಹೇಗೆ ಬಂತು? ನೂರೈವತ್ತು ವರ್ಷಗಳ ಹಿಂದೆ ಬಿದ್ದ ಪೆಟ್ಟಿನ ನೋವು ಇಂದಿನ ಮೊಮ್ಮಕ್ಕಳಲ್ಲೂ ಉಳಿದಿರಬಹುದೇ? ಉಳಿದಿದ್ದರೆ ಅದನ್ನು ತಾಳಿಕೊಳ್ಳುವ ಬಲ ಎಲ್ಲಿಂದ ಬಂತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಚರಿತ್ರೆಯ ಹಾದಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲದೇಣಿಯ ಕಾಲ

ಲಂಬಾಣಿ, ಲಮಾಣಿ, ಲಂಬಾಡಿ, ಸುಗಾಲಿ, ಬಂಜಾರ: ಹೆಸರು ಹಲವು, ಜನ ಒಂದೇ. ಅವರು ತಮ್ಮನ್ನು ಕರೆದುಕೊಳ್ಳುವುದು ‘ಗೋರ್’ ಎಂದು, ಹೊರಗಿನವರು ‘ಕೋರ್’. ಉಪ್ಪಿಗೆ ಸಂಸ್ಕೃತದಲ್ಲಿರುವ ‘ಲವಣ’ ಎಂಬ ಹೆಸರಿನಿಂದ ಲಂಬಾಣಿ ಎಂಬುದು ಬಂತೆಂದೂ, ‘ವಾಣಿಜ್ಯ’ದಿಂದ ಬಂಜಾರ ಬಂತೆಂದೂ ಹೇಳುವವರಿದ್ದಾರೆ. ಪದದ ಮೂಲ ಏನೇ ಇರಲಿ, ಕಸುಬಿನ ಬಗ್ಗೆ ಅನುಮಾನವಿಲ್ಲ. ಗಾಡಿಯ ಚಕ್ರ ಹತ್ತದ ಘಟ್ಟಗಳಲ್ಲಿ, ರಸ್ತೆಯೇ ಇಲ್ಲದ ಬಯಲಿನಲ್ಲಿ, ಎತ್ತುಗಳ ಬೆನ್ನ ಮೇಲೆ ಗೋಣಿ ಹೇರಿ ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಧಾನ್ಯವನ್ನು ಬೇರೆಡೆಗೂ ಸಾಗಿಸುವುದು ಅವರ ಕೆಲಸ. ಈ ಸಂಚಾರಿ ವ್ಯಾಪಾರಕ್ಕೆ ಅವರ ಭಾಷೆಯಲ್ಲಿ ‘ಲದೇಣಿ’ ಎಂದು ಹೆಸರು. ಒಂದೊಂದು ತಾಂಡಾದ ಜೊತೆ ಸಾವಿರಾರು ಎತ್ತುಗಳು ಸಾಗುತ್ತಿದ್ದವು. ತಾಂಡಾ ಎಂದರೆ ಆಗ ಊರಲ್ಲ, ಚಲಿಸುವ ಗುಂಪು.

ಸೈನ್ಯಗಳಿಗೆ ಇವರಿಲ್ಲದೆ ನಡೆಯುತ್ತಿರಲಿಲ್ಲ. ಮೊಗಲರು ದಖ್ಖನಿಗೆ ಇಳಿದಾಗ ಧಾನ್ಯ ಒದಗಿಸಿದವರು ಬಂಜಾರರು. ಟಿಪ್ಪು ಸುಲ್ತಾನನ ವಿರುದ್ಧ 1791-92ರಲ್ಲಿ ದಂಡೆತ್ತಿ ಬಂದ ಕಾರ್ನ್‌ವಾಲಿಸ್‌ನ ಪಡೆ ಹಸಿವಿನಿಂದ ಕಂಗೆಟ್ಟಾಗ ಅದನ್ನು ಉಳಿಸಿದ್ದು ಇವರ ಹೇರೆತ್ತುಗಳೇ. ಮುಂದೆ ಆರ್ಥರ್ ವೆಲ್ಲೆಸ್ಲಿಯೂ ತನ್ನ ದಖ್ಖನಿನ ಯುದ್ಧಗಳಲ್ಲಿ ಇವರನ್ನೇ ನಂಬಿದ. ಇಂಗ್ಲಿಷರ ಅಂದಿನ ಕಾಗದಪತ್ರಗಳಲ್ಲಿ ‘ಬ್ರಿಂಜಾರಿ’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಯಾವ ಸರ್ಕಾರ ಮುಂದೆ ಇವರನ್ನು ಸಂಶಯದ ಕಣ್ಣಿನಿಂದ ನೋಡಿತೋ ಅದೇ ಸರ್ಕಾರದ ಸೈನ್ಯಕ್ಕೆ ಅನ್ನ ಹೊತ್ತು ತಂದವರು ಇವರೆಂಬುದು ಚರಿತ್ರೆಯ ಕಟು ವ್ಯಂಗ್ಯ.

ಮೂರು ಪೆಟ್ಟು

ಈ ಬದುಕು ಕುಸಿದದ್ದು ಒಂದೇ ದಿನದಲ್ಲಲ್ಲ. ಮೊದಲನೆಯ ಪೆಟ್ಟು ರೈಲಿನದು. 1853ರಲ್ಲಿ ಮುಂಬಯಿ-ಠಾಣೆ ನಡುವೆ ಓಡಿದ ಉಗಿಬಂಡಿ 1864ರಲ್ಲಿ ಬೆಂಗಳೂರನ್ನು ತಲುಪಿತು. 1880ರ ದಶಕದಲ್ಲಿ ಹುಬ್ಬಳ್ಳಿ, ಹರಿಹರಗಳ ಕಡೆಗೂ ಹಳಿ ಹಾಸಲಾಯಿತು. ಎತ್ತಿನ ಬೆನ್ನಿನ ಮೇಲೆ ವಾರಗಟ್ಟಲೆ ಸಾಗುತ್ತಿದ್ದ ಸರಕು ಒಂದೆರಡು ದಿನದಲ್ಲಿ ಮುಟ್ಟತೊಡಗಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತವೂ ಬಿಗಿಯಾಗಿತ್ತು.

ಎರಡನೆಯ ಪೆಟ್ಟು ಬರದ್ದು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮವನ್ನು ಹಳಬರು ಧಾತು-ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮನುಷ್ಯರೇ ಹೀಗೆ ಸತ್ತಾಗ ದನಗಳ ಗತಿ ಹೇಳಬೇಕಾಗಿಲ್ಲ. ಎತ್ತೇ ಬಂಡವಾಳ, ಎತ್ತೇ ವಾಹನ, ಎತ್ತೇ ಮರ್ಯಾದೆಯಾಗಿದ್ದ ಜನಕ್ಕೆ ಎತ್ತು ಸಾಯುವುದೆಂದರೆ ಅಂಗಡಿ ಸುಟ್ಟುಹೋದಂತೆ.

ಮೂರನೆಯ ಪೆಟ್ಟು ಕಾಡಿನದು. 1878ರ ಭಾರತೀಯ ಅರಣ್ಯ ಕಾಯ್ದೆ, ಆಮೇಲೆ ಮೈಸೂರಿನ 1900ರ ಅರಣ್ಯ ನಿಬಂಧನೆ ಇವೆಲ್ಲ ಕಾಡಿಗೆ ಗಡಿಕಲ್ಲು ನೆಟ್ಟವು. ಮೇವು, ಸೌದೆ, ನೀರು ಎಲ್ಲಕ್ಕೂ ಅಪ್ಪಣೆ ಬೇಕಾಯಿತು. ಕಾಡಂಚಿನಲ್ಲಿ ಬಿಡಾರ ಹೂಡಿ ಉಳಿದ ದನ ಮೇಯಿಸುತ್ತ, ಸೌದೆ ಕಡಿದು ಪೇಟೆಗೆ ಹೊರುತ್ತ ದಿನ ದೂಡುತ್ತಿದ್ದವರು ಒಮ್ಮೆಲೇ ಕಾಯ್ದೆ ಮುರಿಯುವವರಾದರು. ಉಬ್ರಾಣಿಯಂತಹ ಮಲೆನಾಡು-ಬಯಲುಸೀಮೆಗಳ ನಡುವಣ ಪಟ್ಟಿಯಲ್ಲಿ ತಾಂಡಾಗಳು ಏಕೆ ಕಾಡಿನ ಅಂಚಿಗೇ ಅಂಟಿಕೊಂಡಿವೆ ಎಂಬುದಕ್ಕೆ ಇದೇ ವಿವರಣೆ. ನಡೆಯುತ್ತಿದ್ದವರು ಎಲ್ಲಿ ನಿಂತರೋ ಅಲ್ಲಿಯೇ ಉಳಿದರು. ನಿಂತ ನೆಲ ಅವರ ಹೆಸರಿನಲ್ಲಿರಲಿಲ್ಲ.

ಹುಟ್ಟಿನಿಂದಲೇ ಅಪರಾಧಿ

ಇಷ್ಟೇ ಆಗಿದ್ದರೆ ಇದು ಬಡತನದ ಕಥೆಯಾಗುತ್ತಿತ್ತು. ಆದರೆ ಬಡತನಕ್ಕೆ ಅವಮಾನವನ್ನೂ ಸೇರಿಸಿದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಭಾರತದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರನಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಈ ಕಾಯ್ದೆಯ ಹಿಂದಿದ್ದ ವಾದ. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಇದು 1911ರ ಹೊಸ ಕಾಯ್ದೆಯ ಮೂಲಕ ಮದರಾಸು, ಮುಂಬಯಿ ಪ್ರಾಂತ್ಯಗಳಿಗೂ ಹಬ್ಬಿತು. 1924ರಲ್ಲಿ ಮತ್ತೊಮ್ಮೆ ಕ್ರೋಡೀಕರಣಗೊಂಡಿತು. ಪಟ್ಟಿಗೆ ಸೇರಿದವರು ಠಾಣೆಯಲ್ಲಿ ಹಾಜರಿ ಹಾಕಬೇಕು, ವಾಸ ಬದಲಿಸಿದರೆ ತಿಳಿಸಬೇಕು, ಬೆರಳಚ್ಚು ಕೊಡಬೇಕು. ಯಾವ ತಪ್ಪೂ ಮಾಡಿರಬೇಕಾಗಿಲ್ಲ, ಹುಟ್ಟಿದ್ದರೆ ಸಾಕು.

ಲಂಬಾಣಿಗರೆಲ್ಲರೂ ಎಲ್ಲೆಡೆಯೂ ಈ ಪಟ್ಟಿಯಲ್ಲಿದ್ದರೆಂದು ಹೇಳಲಾಗದು. ಅಧಿಸೂಚನೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ, ಗುಂಪಿನಿಂದ ಗುಂಪಿಗೆ ಬೇರೆಯಾಗಿತ್ತು. ಆದರೆ ಸಂಶಯಕ್ಕೆ ಗಡಿಯಿರಲಿಲ್ಲ. ಪಕ್ಕದ ಪ್ರಾಂತ್ಯದಲ್ಲಿ ‘ಅಪರಾಧಿ’ ಎನಿಸಿಕೊಂಡವರ ನೆಂಟರು ಇಲ್ಲಿಯೂ ಅನುಮಾನಕ್ಕೆ ಗುರಿಯಾದರು. ಊರಿನಲ್ಲಿ ಕಳವಾದರೆ ಮೊದಲು ತಾಂಡಾ ಜಾಲಾಡುವ ವಾಡಿಕೆ ಕಾಯ್ದೆ ಹೋದ ಮೇಲೂ ಬಹುಕಾಲ ಹೋಗಲಿಲ್ಲ.

ಕೊರಚ, ಕೊರಮ, ಗಂಟಿಚೋರ, ಹರಣಶಿಕಾರಿ, ಕಂಜರಭಾಟರಂತಹ ಸಮುದಾಯಗಳ ಪಾಡು ಇನ್ನೂ ಕಠಿಣ. ಮುಂಬಯಿ ಪ್ರಾಂತ್ಯದ ಕನ್ನಡ ಸೀಮೆಯಲ್ಲಿ ಅವರನ್ನು ಬೇಲಿಯೊಳಗಿನ ‘ಸೆಟ್ಲ್‌ಮೆಂಟ್’ಗಳಿಗೆ ಸೇರಿಸಲಾಯಿತು. ವಿಜಯಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಇಂತಹ ಶಿಬಿರಗಳಿದ್ದವು. ಹುಬ್ಬಳ್ಳಿಯಲ್ಲಿ ಇಂದಿಗೂ ಬಡಾವಣೆಯೊಂದರ ಹೆಸರಿಗೆ ಸೆಟ್ಲ್‌ಮೆಂಟ್ ಎಂಬ ಪದ ಅಂಟಿಕೊಂಡಿದೆ. ದಿನವೂ ಆ ಹೆಸರು ಹೇಳುವ ಎಷ್ಟೋ ಮಂದಿಗೆ ಅದರ ಅರ್ಥ ಗೊತ್ತಿರಲಿಕ್ಕಿಲ್ಲ. 6ರಿಂದ 18 ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿಡುವ ಅಧಿಕಾರವನ್ನೂ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ಅಪರಾಧ ರಕ್ತದಲ್ಲಿದೆ ಎಂದ ಮೇಲೆ ಮಗುವನ್ನು ರಕ್ತಸಂಬಂಧದಿಂದ ಬಿಡಿಸುವುದೇ ಸುಧಾರಣೆ ಎಂಬುದು ಅದರ ತರ್ಕ.

ಸ್ವಾತಂತ್ರ್ಯ ಬಂದಾಗ ಈ ಪಟ್ಟಿಯಲ್ಲಿದ್ದವರ ಸಂಖ್ಯೆ ಸುಮಾರು 22 ಲಕ್ಷ. ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಮೇಲೆ 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ದೇಶಕ್ಕೆ 1947ರಲ್ಲಿ ಬಂದ ಬಿಡುಗಡೆ ಇವರಿಗೆ ಬಂದದ್ದು ಐದು ವರ್ಷ ತಡವಾಗಿ. ಆಮೇಲೂ ‘ರೂಢಿಗತ ಅಪರಾಧಿ’ಗಳ ಕಾನೂನುಗಳು ರಾಜ್ಯಗಳಲ್ಲಿ ಬಂದವು; ನಮ್ಮಲ್ಲಿ ಬಂದದ್ದು 1961ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಜೈಲುಗಳಲ್ಲಿನ ಜಾತಿಭೇದದ ಬಗ್ಗೆ ತೀರ್ಪು ಕೊಡುವಾಗ ವಿಮುಕ್ತ ಬುಡಕಟ್ಟುಗಳನ್ನು ಹುಟ್ಟು ಅಪರಾಧಿಗಳೆಂದು ನೋಡುವ ದೃಷ್ಟಿಯನ್ನು ಖಂಡಿಸಬೇಕಾಯಿತೆಂದರೆ ಹಳೆಯ ನೆರಳು ಎಷ್ಟು ಉದ್ದವೆಂದು ತಿಳಿಯುತ್ತದೆ.

ಸರೋವರದ ದಂಡೆಯ ಒಂದು ಹೋಲಿಕೆ

ಇಂತಹ ನೆರಳಿನ ಅಧ್ಯಯನ ಹೆಚ್ಚಾಗಿ ನಡೆದಿರುವುದು ಉತ್ತರ ಅಮೆರಿಕದ ಮೂಲನಿವಾಸಿಗಳ ನಡುವೆ. ಅಲ್ಲಿನ ಮಹಾಸರೋವರಗಳ ದಂಡೆಯ ಒಜಿಬ್ವೆ ಜನ ತಮ್ಮನ್ನು ಅನಿಶಿನಾಬೆ ಎಂದು ಕರೆದುಕೊಳ್ಳುತ್ತಾರೆ. ಒಪ್ಪಂದದ ಮೇಲೆ ಒಪ್ಪಂದ ಮಾಡಿಸಿ ಅವರ ಕಾಡು, ನೆಲ ಕಿತ್ತುಕೊಂಡ ಮೇಲೆ ಸರದಿ ಬಂದದ್ದು ಮಕ್ಕಳದು. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ 1879ರಲ್ಲಿ ತೆರೆದ ಶಾಲೆಯ ಮಾದರಿಯಲ್ಲಿ ಅಮೆರಿಕದುದ್ದಕ್ಕೂ ವಸತಿಶಾಲೆಗಳು ಬಂದವು. ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡಿದರೆ ಶಿಕ್ಷಿಸಿ, ‘ನಾಗರಿಕ’ರನ್ನಾಗಿ ಮಾಡುವುದು ಅಲ್ಲಿನ ಪಾಠ. ಕೆನಡಾದಲ್ಲಿ ಇಂತಹ ಶಾಲೆಗಳ ಮೂಲಕ ಹಾದುಹೋದ ಮಕ್ಕಳು ಕನಿಷ್ಠ ಒಂದೂವರೆ ಲಕ್ಷ. ಕೆನಡಾ ಸರ್ಕಾರ 2008ರಲ್ಲಿ ಕ್ಷಮೆ ಕೇಳಿತು. ಅಮೆರಿಕದ ಅಧ್ಯಕ್ಷರು ಕ್ಷಮೆ ಕೇಳಿದ್ದು 2024ರ ಅಕ್ಟೋಬರ್‌ನಲ್ಲಿ.

ಲಕೋಟಾ ಸಮುದಾಯದ ವಿದ್ವಾಂಸೆ ಮರಿಯಾ ಯೆಲ್ಲೋ ಹಾರ್ಸ್ ಬ್ರೇವ್ ಹಾರ್ಟ್ ಇದನ್ನು ‘ಚಾರಿತ್ರಿಕ ಆಘಾತ’ ಎಂದು ಕರೆದರು. ಒಬ್ಬ ವ್ಯಕ್ತಿಗೆ ಆದ ಗಾಯವಲ್ಲ, ಇಡೀ ಸಮುದಾಯಕ್ಕೆ ಆದದ್ದು. ಒಂದು ತಲೆಮಾರಿನಲ್ಲಿ ಮುಗಿಯುವುದಲ್ಲ, ಮುಂದಿನದಕ್ಕೆ ದಾಟುವುದು. ರೆಡ್ ಲೇಕ್‌ನ ಒಜಿಬ್ವೆ ಚರಿತ್ರಕಾರ್ತಿ ಬ್ರೆಂಡಾ ಚೈಲ್ಡ್ ಅವರು ಶಾಲೆಗಳ ಕಡತಗಳಲ್ಲಿ ಉಳಿದಿದ್ದ ಕುಟುಂಬಗಳ ಪತ್ರಗಳನ್ನು ಹುಡುಕಿ 1998ರಲ್ಲಿ ಪುಸ್ತಕ ಬರೆದರು. ಮಗುವನ್ನು ಮನೆಗೆ ಕಳುಹಿಸಿ ಎಂದು ಬೇಡುವ ತಂದೆತಾಯಿಯರು, ಊರು ನೆನೆದು ಕೊರಗುವ ಮಕ್ಕಳು ಅದರಲ್ಲಿದ್ದಾರೆ. ಶಾಲೆ ಅವರನ್ನು ಬೇರ್ಪಡಿಸಿತ್ತು. ಪತ್ರ ಅವರನ್ನು ಕೂಡಿಸಿಟ್ಟಿತ್ತು.

ಗಾಯ ದಾಟುವುದು ಹೇಗೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಿರಿಯರ ನೋವು ವಂಶವಾಹಿಗಳ ಮೇಲೆ ಗುರುತು ಬಿಟ್ಟು ಮಕ್ಕಳಿಗೆ ಇಳಿಯುತ್ತದೆ ಎಂಬ ಮಾತು ಇತ್ತೀಚೆಗೆ ಜನಪ್ರಿಯವಾಗಿದೆ. ಹಿಟ್ಲರನ ಶಿಬಿರಗಳಿಂದ ಬದುಕುಳಿದವರ ಮಕ್ಕಳ ಮೇಲೂ, 1944-45ರ ಚಳಿಗಾಲದಲ್ಲಿ ಹಾಲೆಂಡಿನ ಬರಗಾಲಕ್ಕೆ ಸಿಕ್ಕ ಗರ್ಭಿಣಿಯರ ಮಕ್ಕಳ ಮೇಲೂ ಅಧ್ಯಯನಗಳು ನಡೆದಿವೆ. ಹಸಿವು ಹೊಟ್ಟೆಯೊಳಗಿನ ಮಗುವಿನ ಆರೋಗ್ಯವನ್ನು ಬಹುಕಾಲ ಕಾಡುತ್ತದೆ ಎಂಬುದಕ್ಕೆ ಆಧಾರಗಳಿವೆ. ಆದರೆ ನೆನಪಿನ ನೋವೇ ರಕ್ತದಲ್ಲಿ ಹರಿದು ಮೊಮ್ಮಗನವರೆಗೆ ಬರುತ್ತದೆ ಎನ್ನುವುದು ಇನ್ನೂ ವಿಜ್ಞಾನಿಗಳ ನಡುವೆ ವಾದದಲ್ಲಿರುವ ವಿಷಯ. ಅಪರಾಧ ರಕ್ತದಲ್ಲಿದೆ ಎಂದು 1871ರಲ್ಲಿ ಹೇಳಿದವರ ತಪ್ಪನ್ನು ಈಗ ನೋವು ರಕ್ತದಲ್ಲಿದೆ ಎಂದು ಹೇಳಿ ನಾವು ಇನ್ನೊಂದು ರೂಪದಲ್ಲಿ ಮಾಡಬಾರದು.

ಗಾಯ ದಾಟಲು ರಕ್ತವೇ ಬೇಕಾಗಿಲ್ಲ. ಲಂಬಾಣಿ ಕುಟುಂಬವೊಂದರ ಐದು ತಲೆಮಾರುಗಳನ್ನು ಮನಸ್ಸಿನಲ್ಲೇ ಜೋಡಿಸಿ ನೋಡೋಣ. ಇದು ಯಾವುದೋ ಒಂದು ಮನೆಯ ಕಥೆಯಲ್ಲ; ಈ ಸೀಮೆಯ ಅನೇಕ ಮನೆಗಳ ಕಥೆಗಳ ಮೊತ್ತ.

1860ರ ಹೊತ್ತಿಗೆ ಮುತ್ತಜ್ಜನ ತಂದೆಗೆ ನೂರು ಎತ್ತುಗಳಿದ್ದವು. ಮುತ್ತಜ್ಜನ ಪಾಲಿಗೆ ಬರದಲ್ಲಿ ಉಳಿದ ನಾಲ್ಕು ದನ, ಕಾಡಂಚಿನ ಗುಡಿಸಲು, ಸೌದೆ ಹೊರೆ. ಅಜ್ಜ ಭೂಮಿಯಿಲ್ಲದ ಕೂಲಿಯಾಳು. ಪೊಲೀಸರನ್ನು ಕಂಡರೆ ಏನೂ ಮಾಡದಿದ್ದರೂ ಓಡುವುದನ್ನು ಕಲಿತವನು. ತಂದೆ ಆ ಓಟವನ್ನು ನೋಡಿ ಬೆಳೆದ. ಊರಿನವರೊಡನೆ ಕಡಿಮೆ ಮಾತಾಡುವುದು, ಪೇಟೆಯಲ್ಲಿ ತಾಂಡಾದ ಹೆಸರು ಹೇಳದಿರುವುದು ಅವನಿಗೆ ರೂಢಿಯಾಯಿತು. ಮಗ ಆ ಮೌನವನ್ನು ನೋಡಿ ಬೆಳೆಯುತ್ತಾನೆ. ಅಜ್ಜ ಏಕೆ ಓಡುತ್ತಿದ್ದನೆಂದು ಅವನಿಗೆ ಯಾರೂ ಹೇಳಿಲ್ಲ. ಆದರೆ ತನ್ನ ಭಾಷೆ ತರಗತಿಯಲ್ಲಿ ಆಡುವಂಥದಲ್ಲ ಎಂದು, ತಾಯಿಯ ಉಡುಗೆ ಶಾಲೆಯ ಹತ್ತಿರ ಬರಬಾರದೆಂದು ಅವನಿಗೆ ಹೇಗೋ ಗೊತ್ತು. ಮೊದಲು ನೆಲ ಹೋಯಿತು, ಆಮೇಲೆ ಮಾತು ಕಡಿಮೆಯಾಯಿತು, ಕಡೆಗೆ ನಾಚಿಕೆ ಉಳಿಯಿತು. ಗಾಯ ದಾಟುವುದು ಹೀಗೆ: ಪಹಣಿಯಲ್ಲಿಲ್ಲದ ಹೆಸರಿನ ಮೂಲಕ, ಹೇಳದೆ ಉಳಿದ ಮಾತಿನ ಮೂಲಕ.

ನೆಲವಿಲ್ಲದ್ದರ ಫಲ ಇಂದಿಗೂ ಕಣ್ಣಿಗೆ ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ ತಾಂಡಾದ ಮನೆಗಳಿಗೆ ಬೀಗ ಬೀಳುತ್ತದೆ. ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು, ನಗರದ ಕಟ್ಟಡದ ಕೆಲಸಕ್ಕೆ ಕುಟುಂಬಗಳು ಗುಳೆ ಹೋಗುತ್ತವೆ. ಜೊತೆಗೆ ಹೋದ ಮಗುವಿನ ಶಾಲೆ ತಪ್ಪುತ್ತದೆ. ಹಿಂದೆ ಉಳಿದ ಮಗು ಮುದುಕರ ಕೈಗೆ ಬೀಳುತ್ತದೆ. ಲದೇಣಿಯ ನಡಿಗೆಗೂ ಗುಳೆಯ ನಡಿಗೆಗೂ ಒಂದೇ ವ್ಯತ್ಯಾಸ, ಆದರೆ ಅದು ದೊಡ್ಡದು. ಅಂದು ಸರಕು ಅವರದಾಗಿತ್ತು. ಇಂದು ಅವರೇ ಸರಕು.

ಬಡತನ ಇನ್ನೂ ಆಳಕ್ಕೆ ಇಳಿದಾಗ ಏನಾಗಬಹುದೆಂಬುದನ್ನು ನೆರೆಯ ತೆಲಂಗಾಣದ ತಾಂಡಾಗಳು ತೋರಿಸಿದವು. ಅದಿನ್ನೂ ಆಂಧ್ರಪ್ರದೇಶದ ಭಾಗವಾಗಿದ್ದ 1999 ಮತ್ತು 2001ರಲ್ಲಿ ನಲ್ಗೊಂಡ ಮುಂತಾದೆಡೆಯ ಲಂಬಾಡಿ ಹೆಣ್ಣು ಶಿಶುಗಳನ್ನು ಅಲ್ಪ ಹಣಕ್ಕೆ ಕೊಂಡು ಹೈದರಾಬಾದಿನ ಮೂಲಕ ವಿದೇಶಗಳಿಗೆ ದತ್ತು ಕಳುಹಿಸುತ್ತಿದ್ದ ಜಾಲ ಬೆಳಕಿಗೆ ಬಂತು. ಅಮೆರಿಕದಲ್ಲಿ ಮೂಲನಿವಾಸಿ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಪರರ ಮನೆ ಸೇರುವುದನ್ನು ತಡೆಯಲು 1978ರಲ್ಲಿ ವಿಶೇಷ ಕಾಯ್ದೆಯನ್ನೇ ಮಾಡಬೇಕಾಗಿತ್ತು. ಅಲ್ಲಿ ಮಗುವನ್ನು ಒಯ್ದದ್ದು ಸರ್ಕಾರ. ಇಲ್ಲಿ ಒಯ್ದದ್ದು ಸಾಲ, ವರದಕ್ಷಿಣೆಯ ಭಯ ಮತ್ತು ದಳ್ಳಾಳಿ. ತೊಟ್ಟಿಲು ಮಾತ್ರ ಎರಡೂ ಕಡೆ ಬರಿದಾಯಿತು.

ಹೊಲಿಗೆಯಲ್ಲಿ ಉಳಿದದ್ದು

ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ನೋವು ದಾಟುವ ಹಾದಿಯಲ್ಲೇ ಮದ್ದೂ ದಾಟುತ್ತದೆ. ಎತ್ತು ಸತ್ತವು, ಕಾಡು ಮುಚ್ಚಿತು. ತಾಂಡಾ ಎಂಬ ವ್ಯವಸ್ಥೆ ಮಾತ್ರ ಒಡೆಯಲಿಲ್ಲ. ನಾಯಕ, ಕಾರಭಾರಿ, ಢಾವ್ ಎಂಬ ಹಿರಿಯರು ಕೂತು ಜಗಳ ಬಗೆಹರಿಸುವ ಪದ್ಧತಿ ಉಳಿಯಿತು. ರಾಠೋಡ್, ಚವ್ಹಾಣ್, ಪವಾರ್ ಮುಂತಾದ ಕುಲಗಳ ವಂಶಾವಳಿಯನ್ನು ಬಾಯಿಪಾಠವಾಗಿ ಹೇಳುವ ಢಾಡಿಗಳು ಬರವಣಿಗೆಯಿಲ್ಲದ ಜನಕ್ಕೆ ಕಡತವಾದರು. ಹೋಳಿಯ ಲೇಂಗಿ ಹಾಡು, ಬುಟ್ಟಿಯಲ್ಲಿ ಗೋಧಿ ಮೊಳಕೆ ಬರಿಸಿ ಕನ್ಯೆಯರು ಒಂಬತ್ತು ದಿನ ಆಚರಿಸುವ ತೀಜ್, ದೀಪಾವಳಿಯಲ್ಲಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಶುಭ ಕೋರುವ ಮೇರಾ ಇವೆಲ್ಲ ವರ್ಷಕ್ಕೊಮ್ಮೆ ತಾಂಡಾವನ್ನು ಮತ್ತೆ ಕೂಡಿಸುತ್ತವೆ. ಗುಳೆ ಹೋದವರೂ ಹಬ್ಬಕ್ಕೆ ಬರುತ್ತಾರೆ.

ಮದುವೆಯಲ್ಲಿ ತವರು ಬಿಡುವಾಗ ವಧು ರಾಗವಾಗಿ ಅಳುವ ‘ಢಾವಲೋ’ ಎಂಬ ಪದ್ಧತಿಯಿದೆ. ಹೊರಗಿನವರಿಗೆ ಅದು ವಿಚಿತ್ರವೆನಿಸಬಹುದು. ಆದರೆ ಅಳುವುದಕ್ಕೆ ಒಂದು ಹೊತ್ತು, ಒಂದು ರಾಗ, ಒಂದು ಸಭೆ ಗೊತ್ತುಮಾಡಿಟ್ಟ ಜನ ದುಃಖವನ್ನು ಹೇಗೆ ಹೊರಬೇಕೆಂದು ಬಲ್ಲವರು. ಮನೋವೈದ್ಯರು ಇಂದು ಹೇಳುವ ‘ಹೇಳಿಕೊಂಡರೆ ಹಗುರ’ ಎಂಬ ಮಾತನ್ನು ತಾಂಡಾದ ಹೆಂಗಸರು ಎಂದೋ ಆಚರಣೆಯಾಗಿಸಿದ್ದರು.

ಎಲ್ಲಕ್ಕಿಂತ ಕಣ್ಣಿಗೆ ಕಾಣುವ ನೆನಪು ಉಡುಗೆಯದು. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ, ಕನ್ನಡಿ ಚೂರು, ಕವಡೆ, ನಾಣ್ಯ, ಗೆಜ್ಜೆ. ಇದರ ಒಂದೊಂದು ಹೊಲಿಗೆಯೂ ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು. ಶಾಲೆಗೆ ಹೋದ ಮಕ್ಕಳು ನಾಚಿಕೊಂಡದ್ದೂ ಇದನ್ನೇ. ತಿರುಗಿ ಹೆಮ್ಮೆಪಟ್ಟದ್ದೂ ಇದನ್ನೇ. ಬಳ್ಳಾರಿ ಜಿಲ್ಲೆಯ ಸಂಡೂರಿನ ಕುಶಲ ಕಲಾ ಕೇಂದ್ರದ ಮೂಲಕ ಈ ಕಸೂತಿ ಮಾರುಕಟ್ಟೆಗೆ ಬಂತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಒಜಿಬ್ವೆ ಹೆಂಗಸರಲ್ಲೂ ಇದಕ್ಕೆ ಹೋಲುವ ಒಂದು ಉಡುಗೆಯಿದೆ. ಲೋಹದ ಸಣ್ಣ ಕೊಳವೆಗಳನ್ನು ಸಾಲಾಗಿ ಹೊಲಿದ, ಹೆಜ್ಜೆ ಹಾಕಿದರೆ ಝಲ್ ಎನ್ನುವ ಆ ಉಡುಪು ಹುಟ್ಟಿದ್ದು 1918ರ ಇನ್‌ಫ್ಲುಯೆಂಜಾ ಮಹಾಮಾರಿಯ ಸುಮಾರಿಗೆ. ಅದನ್ನು ತೊಟ್ಟು ಕುಣಿಯುವುದು ಕಾಯಿಲೆಯಿಂದ ಬಿಡುಗಡೆ ಕೋರುವ ಪ್ರಾರ್ಥನೆ. ಅವರ ಕುಣಿತಗಳನ್ನು ಸರ್ಕಾರ ಹತ್ತಿಕ್ಕಲು ನೋಡುತ್ತಿದ್ದ ಕಾಲದಲ್ಲೇ ಆ ಹೊಸ ಕುಣಿತ ಊರಿಂದೂರಿಗೆ ಹಬ್ಬಿತು. ಎರಡು ಖಂಡಗಳ ಹೆಂಗಸರು ಪರಸ್ಪರ ಅರಿಯದೆಯೇ ಸೂಜಿ ದಾರ ಹಿಡಿದು ಒಂದೇ ಉತ್ತರ ಬರೆದಿದ್ದಾರೆ.

ವಸತಿಶಾಲೆ: ಹೆಸರು ಒಂದೇ, ಅನುಭವ ಎರಡು

ಒಜಿಬ್ವೆ ಮಕ್ಕಳಿಗೆ ಗಾಯವಾದ ವಸತಿಶಾಲೆ ಲಂಬಾಣಿ ಮಕ್ಕಳಿಗೆ ಏಣಿಯಾಯಿತು ಎಂಬುದು ವಿಚಾರ ಮಾಡಬೇಕಾದ ಸಂಗತಿ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ. ಸರ್ಕಾರಿ ವಿದ್ಯಾರ್ಥಿನಿಲಯಗಳು, 1990ರ ದಶಕದ ನಡುವಿನಿಂದ ಬಂದ ಮೊರಾರ್ಜಿ ದೇಸಾಯಿ ವಸತಿಶಾಲೆಗಳು ಗುಳೆ ಹೋಗುವ ಮನೆಗಳ ಮಕ್ಕಳಿಗೆ ಊಟ, ನಿದ್ದೆ, ಪುಸ್ತಕ ಕೊಟ್ಟವು. ಅಲ್ಲಿಂದ ಶಿಕ್ಷಕರು, ಎಂಜಿನಿಯರುಗಳು, ಅಧಿಕಾರಿಗಳು ಬಂದರು. ಚಿಕ್ಕಮಗಳೂರು ಜಿಲ್ಲೆಯ ತಾಂಡಾದಲ್ಲಿ ಹುಟ್ಟಿದ ಲೇಖಕಿ ಬಿ.ಟಿ. ಲಲಿತಾ ನಾಯಕ್ ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದದ್ದು ಇದೇ ದಶಕದಲ್ಲಿ; ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದ, 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದ ದಶಕವದು. ಮಹಾರಾಷ್ಟ್ರದಲ್ಲಂತೂ ಬಂಜಾರ ಸಮುದಾಯದ ವಸಂತರಾವ್ ನಾಯಕ್ 1963ರಿಂದ 1975ರವರೆಗೆ ಮುಖ್ಯಮಂತ್ರಿಯಾಗಿದ್ದರು.

ವ್ಯತ್ಯಾಸ ಎಲ್ಲಿದೆ? ಕಟ್ಟಡದಲ್ಲಲ್ಲ. ಕಾರ್ಲೈಲ್ ಮಾದರಿಯ ಶಾಲೆಗೆ ಮಗುವನ್ನು ಒಯ್ದದ್ದು ಮನೆಯನ್ನು ಮರೆಸಲು. ಇಲ್ಲಿನ ಹಾಸ್ಟೆಲಿಗೆ ಮಗುವನ್ನು ಕಳುಹಿಸಿದ್ದು ತಂದೆತಾಯಿ, ಮನೆ ಉಳಿಸಲು. ರಜೆಗೆ ಅದು ತಾಂಡಾಕ್ಕೆ ಮರಳುತ್ತದೆ. ಆದರೂ ಒಂದು ನಷ್ಟ ಎರಡೂ ಕಡೆ ಸಮಾನ, ಅದು ಮಾತಿನದು. ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಇಲ್ಲಿ ಕನ್ನಡದಲ್ಲಿ, ಅಲ್ಲಿ ತೆಲುಗಿನಲ್ಲಿ, ಮತ್ತೊಂದೆಡೆ ದೇವನಾಗರಿಯಲ್ಲಿ ಬರೆಯುತ್ತಾರೆ. ತಾಯಿಯನ್ನು ‘ಯಾಡಿ’ ಎಂದು ಕರೆಯುವ ಮಗು ಒಂದನೆಯ ತರಗತಿಯಲ್ಲಿ ಕನ್ನಡ ತಿಳಿಯದೆ ಮಂಕಾಗಿ ಕೂರುತ್ತದೆ. ಹತ್ತನೆಯ ತರಗತಿಯ ಹೊತ್ತಿಗೆ ಅಜ್ಜಿಯ ಹಾಡು ತಿಳಿಯದೆ ಮಂಕಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಈ ಶತಮಾನದ ಆರಂಭದಲ್ಲಿ ಒಜಿಬ್ವೆಯರು ತಮ್ಮ ಭಾಷೆಯಲ್ಲೇ ಎಲ್ಲ ಪಾಠ ಹೇಳುವ ಶಾಲೆಯೊಂದನ್ನು ಕಟ್ಟಿದರು. ಒಂದು ಕಾಲದಲ್ಲಿ ಭಾಷೆ ಕಿತ್ತ ಶಾಲೆಯೇ ಈಗ ಭಾಷೆ ನೆಡುತ್ತಿದೆ. ನಮ್ಮ ತಾಂಡಾ ಶಾಲೆಗಳ ಮೊದಲೆರಡು ತರಗತಿಗಳಲ್ಲಾದರೂ ಮಗುವಿನ ಮಾತು ಬಲ್ಲ ಶಿಕ್ಷಕರಿದ್ದರೆ ಕನ್ನಡವೇನೂ ಸೋಲುವುದಿಲ್ಲ, ಮಗು ಗೆಲ್ಲುತ್ತದೆ.

ನಕಾಶೆಗೆ ಬಂದ ಊರು

ತಲೆಮಾರುಗಳ ಗಾಯ ಮಾಯಲು ಮಾತಿನಷ್ಟೇ ಮುಖ್ಯ ನೆಲದ ಕಾಗದ. ತಾಂಡಾಗಳಲ್ಲಿ ಬಹಳಷ್ಟು ಕಂದಾಯ ಗ್ರಾಮಗಳಾಗಿರಲಿಲ್ಲ. ಅಂದರೆ ಸರ್ಕಾರದ ನಕಾಶೆಯಲ್ಲಿ ಆ ಊರು ಇಲ್ಲ. ಮನೆ ಇದೆ, ಹಕ್ಕಿಲ್ಲ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಮುಂದೆ ವಾಸಿಸುವವರಿಗೇ ಮನೆಯ ಹಕ್ಕು ಕೊಡುವಂತೆ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಕಾಗದದಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ‘ನಿಮ್ಮ ಊರು ಯಾವುದು?’ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲ ಮಗುವಿನ ಬೆನ್ನುಮೂಳೆ ಬೇರೆಯಾಗಿರುತ್ತದೆ.

ಬಾಕಿ ಉಳಿದ ಕೆಲಸ ಸಣ್ಣದಲ್ಲ. ಒಂದೇ ಭಾಷೆ, ಒಂದೇ ಕುಲದ ನೆಂಟರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿದರೆ ತೆಲಂಗಾಣ, ಆಂಧ್ರಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅವರ ಚರಿತ್ರೆಯ ಬಗ್ಗೆ ನಮ್ಮ ಆಡಳಿತಕ್ಕೆ ಎಷ್ಟು ಗೊಂದಲವಿದೆಯೆಂದು ಇದೊಂದೇ ಹೇಳುತ್ತದೆ. ಅಲೆಮಾರಿ ಮತ್ತು ವಿಮುಕ್ತ ಸಮುದಾಯಗಳ ಬಗ್ಗೆ ರೇಣಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು, ಆಮೇಲೆ ಇದಾತೆ ಆಯೋಗವೂ ಕೊಟ್ಟಿತು. ವರದಿಗಳು ಬಂದಷ್ಟು ಬೇಗ ಬದುಕು ಬದಲಾಗಿಲ್ಲ. ನಮ್ಮ ಶಾಲಾ ಪಠ್ಯದಲ್ಲಿ 1853ರ ರೈಲು ಪ್ರಗತಿಯ ಸಂಕೇತವಾಗಿ ಬರುತ್ತದೆ; ಆ ರೈಲಿನಿಂದ ಹೇರು ಇಳಿಸಿಕೊಂಡ ಎತ್ತುಗಳ ಮಾತು ಬರುವುದಿಲ್ಲ. 1947 ಎಲ್ಲರಿಗೂ ಗೊತ್ತು. 1952ರ ಆಗಸ್ಟ್ 31 ಎಷ್ಟು ಮಂದಿಗೆ ಗೊತ್ತು?

ಹೇಳದೆ ಉಳಿದ ಚರಿತ್ರೆ ಮನೆಯೊಳಗೆ ನಾಚಿಕೆಯಾಗಿ ಕೂರುತ್ತದೆ. ಹೇಳಿದ ಚರಿತ್ರೆ ಅಜ್ಜನ ಓಟಕ್ಕೆ ಕಾರಣ ಕೊಡುತ್ತದೆ, ತಂದೆಯ ಮೌನಕ್ಕೆ ಅರ್ಥ ಕೊಡುತ್ತದೆ. ಅದು ತಿಳಿದ ಮಗು ಅಜ್ಜ ಹೇಡಿಯಾಗಿರಲಿಲ್ಲ, ಅಪ್ಪ ಮಂಕನಾಗಿರಲಿಲ್ಲ ಎಂದು ಅರಿಯುತ್ತದೆ. ತಾಂಡಾದ ಮಕ್ಕಳಿಗೆ ಈ ಕಥೆಯನ್ನು ಅವರ ಹಿರಿಯರು ಹೇಳಬೇಕು. ಉಳಿದವರಿಗೆ ಇದನ್ನು ಶಾಲೆ ಹೇಳಬೇಕು; ಏಕೆಂದರೆ ಒಂದು ಕಾಲಕ್ಕೆ ನಮ್ಮ ಅಡುಗೆಮನೆಗಳಿಗೆ ಉಪ್ಪು ಬಂದದ್ದು ಇವರ ಎತ್ತುಗಳ ಬೆನ್ನ ಮೇಲೆ. ಉಪ್ಪಿನ ಋಣ ದೊಡ್ಡದು ಎಂದು ಹೇಳುವ ನಾಡು ಇದು.